ನವಿಲು ಗುರುತಿನ ಎರಡು ಚೀಲ

ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಸಿಂಧನೂರಿನ ಯಾವ ಗೋದಾಮಿನಲ್ಲಾದರೂ ನಿಲ್ಲಿಸಿ. ಚೀಲದ ಮೇಲೆ ಒಮ್ಮೆ ಕೈಯಾಡಿಸಿ ಒಳಗಿರುವುದು ಹೊಸ ಅಕ್ಕಿಯೋ ಹಳೆ ಅಕ್ಕಿಯೋ, ನುಚ್ಚೋ ತೌಡೋ ಹೇಳಿಬಿಡುತ್ತೇನೆ. ಅಕ್ಕಿ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಮೇಸ್ತ್ರಿಯಾಗಿ ಸವೆದ ಕೈ ಇದು. ಈ ಪಂಪಾಪತಿಯನ್ನು ಯಾಮಾರಿಸುವ ಚೀಲವನ್ನು ತಾಲ್ಲೂಕಿನಲ್ಲಿ ಇನ್ನೂ ಯಾರೂ ಹೊಲಿದಿಲ್ಲ!

ಹೀಗೆಂದು ಹೋದ ದೀಪಾವಳಿಯವರೆಗೆ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎಂಬುದನ್ನು ನಾನೇ ಹೇಳಿಬಿಡುವುದು ಒಳ್ಳೆಯದು, ಬೇರೆಯವರು ಹೇಳಿದರೆ ಇನ್ನೂ ಉಪ್ಪು ಖಾರ ಹಚ್ಚುತ್ತಾರೆ.

ನನ್ನ ಹೆಂಡತಿ ಶೈಲಜಾಗೆ ಒಂದು ಆಸೆ. ಸಣ್ಣವಳಿದ್ದಾಗ ಯಾವುದೋ ಗೊಬ್ಬರದ ಅಂಗಡಿಯ ಕ್ಯಾಲೆಂಡರಿನಲ್ಲಿ ದೊಡ್ಡ ಬೆಟ್ಟದ ಚಿತ್ರ ನೋಡಿದ್ದಳಂತೆ. ಬೆಟ್ಟದ ತುದಿ ಮೇಲೆ, ಮೋಡ ಕೆಳಗೆ. "ಒಮ್ಮೆ ಮೋಡ ನನ್ನ ಕಾಲ ಕೆಳಗ ಇರಬೇಕ್ರಿ. ಅಷ್ಟ ಸಾಕು" ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದಳು. ಗುಡ್ಡ ತೋರಿಸುತ್ತೇನೆ ಎಂದು ಮಾತು ಕೊಟ್ಟೆ. ಮಾತಿಗೇನೂ ತಪ್ಪಲಿಲ್ಲ. ಮಸ್ಕಿಗೆ ಕರೆದುಕೊಂಡು ಹೋಗಿ ಮಲ್ಲಯ್ಯನ ಗುಡ್ಡ ಹತ್ತಿಸಿದೆ.

"ದೇವರ ದರ್ಶನ ಆತು. ಮೋಡದ ದರ್ಶನ ಯಾವಾಗ?" ಎಂದಳು.

ಆರು ತಿಂಗಳು ಬಿಟ್ಟು ಮುದಗಲ್ಲಿನ ಕೋಟೆ ಹತ್ತಿಸಿದೆ. "ಕ್ವಾಟಿ ನೋಡಿದ್ನಿ. ಮೋಡ ಯಾವಾಗ?" ಎಂದಳು. ಆಮೇಲೆ ಮಗಳು ವಿಜಯಶ್ರೀ ಹುಟ್ಟಿದಳು, ಬೆಳೆದಳು, ಪಿಯುಸಿಗೆ ಬಂದಳು. ಮದುವೆಗೆ ಹದಿನೆಂಟು ವರ್ಷವಾಯಿತು. ಶೈಲಜಾ ಕೇಳುವುದನ್ನೇ ಬಿಟ್ಟಳು. ಹೆಂಡತಿ ಕೇಳುವುದನ್ನು ಬಿಟ್ಟರೆ ಅದು ಮರೆತದ್ದಲ್ಲ, ನಮ್ಮ ಮೇಲೆ ಆಸೆ ಬಿಟ್ಟದ್ದು ಎಂದು ನನಗೆ ತಡವಾಗಿ ಹೊಳೆಯಿತು. ಅದು ಮನಸ್ಸಿಗೆ ಬಹಳ ಚುಚ್ಚಿತು.

ದೀಪಾವಳಿ ಮುಗಿದಿತ್ತು. ಹೊಸ ಭತ್ತ ಮಿಲ್ಲಿಗೆ ಬರಲು ಇನ್ನೂ ಎರಡು ವಾರವಿತ್ತು. ಮಿಲ್ಲಿನ ಕಟ್ಟೆಯ ಮೇಲೆ ನಿಂತು ಹಮಾಲರ ಎದುರು ಮೀಸೆ ಮೇಲೆ ಕೈ ಹಾಕಿ ಘೋಷಿಸಿದೆ: "ಈ ಸಲ ನಿಮ್ಮ ಅಕ್ಕೋರನ್ನ ಮೋಡದ ಮ್ಯಾಲೆ ನಿಂದ್ರಸ್ತೀನಿ. ನಿಂದ್ರಸಲಿಲ್ಲಂದ್ರ ಈ ಮೀಸಿ ಮಣ್ಣಾಗಲಿ."

ಮೀಸೆ ಮಣ್ಣಾಗಲಿಲ್ಲ. ಬೇರೇನೋ ಆಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಪಶ್ಚಿಮ ಘಟ್ಟದಲ್ಲಿ ಒಂದು ವನ್ಯಧಾಮ. ಹೆಸರು ಹೇಳುವುದಿಲ್ಲ, ಯಾಕೆಂದರೆ ಅಲ್ಲಿಯ ದಫ್ತರದಲ್ಲಿ ನನ್ನ ಹೆಸರು ಇದೆ. ಅಲ್ಲಿಯ ಶಿಖರಕ್ಕೆ ದಿನಕ್ಕೆ ಇಂತಿಷ್ಟೇ ಜನರನ್ನು ಬಿಡುತ್ತಾರೆ, ಮೊದಲೇ ಆನ್‌ಲೈನಿನಲ್ಲಿ ಪಾಸು ತೆಗೆಸಬೇಕು. ಆ ಕೆಲಸವನ್ನು ವಿಜಯಶ್ರೀ ಮಾಡಿದಳು. ಬರುವ ಭಾನುವಾರ ಮೂರು ಪಾಸು. "ಅಪ್ಪಾ, ಒಂಬತ್ತಕ್ಕ ಗೇಟು ಬಂದ್ ಮಾಡ್ತಾರ. ಒಂದು ನಿಮಿಷ ದಾಟಿದ್ರೂ ಬಿಡಂಗಿಲ್ಲ. ಇನ್ನ ಬ್ಯಾಸಗಿತನ ಬ್ಯಾರೆ ತಾರೀಖು ಇಲ್ಲ" ಎಂದಳು. ಮೇಲೆ ಊಟ ಸಿಗುವುದಿಲ್ಲವಂತೆ, ಬುತ್ತಿ ನಾವೇ ಒಯ್ಯಬೇಕು. ಬುತ್ತಿ ಎಂದ ಕೂಡಲೇ ಶೈಲಜಾ ಸೆರಗು ಸೊಂಟಕ್ಕೆ ಸಿಗಿಸಿದಳು.

ಇಷ್ಟರಲ್ಲಿ ದಢೇಸುಗೂರಿನಿಂದ ನನ್ನ ಅತ್ತೆ ಪಾರ್ವತೆಮ್ಮನ ಫೋನು. ಅತ್ತೆ ಎಂದರೆ ಎರಡು ಕಡೆಯಿಂದಲೂ ಅತ್ತೆ. ನನ್ನ ಅಪ್ಪನ ಒಡಹುಟ್ಟಿದ ತಂಗಿ, ಆಮೇಲೆ ಹೆಂಡತಿಯ ತಾಯಿ. ಹೀಗಾಗಿ ಬೈಯುವುದಕ್ಕೂ ಅವರಿಗೆ ಎರಡು ಪಾಲು ಹಕ್ಕು.

"ಎಮ್ಮಿ ಈದು ಎಂಟು ದಿನ ಆತು. ತೌಡು ಕಳಿಸು ಅಂತ ಮೂರು ಸಲ ಹೇಳೀನಿ. ತೌಡಿನ ಮಿಲ್ಲಿನಾಗ ಕುಂತು ಒಂದು ಹಿಡಿ ತೌಡು ಕಳಸಾಕ ಆಗವಲ್ದೇನು?"

ನನ್ನ ಬಗ್ಗೆ ಅತ್ತೆಯ ಅಭಿಪ್ರಾಯ ಊರಿಗೇ ಗೊತ್ತು. "ನಮ್ಮ ಅಳಿಯ ಬರೋವಾಗ ಎರಡೂ ಕೈ ಬೀಸಿಕೋತ ಬರ್ತಾನ. ಹೋಗೋವಾಗ ಎರಡು ಕೈ ಸಾಲಂಗಿಲ್ಲ" ಎಂದು ಕಾಲುವೆ ದಂಡೆಯ ಮೇಲೆ ಬಟ್ಟೆ ಒಗೆಯುವಾಗಲೆಲ್ಲ ಹೇಳುತ್ತಾರಂತೆ. ಹದಿನೆಂಟು ವರ್ಷದಲ್ಲಿ ಅವರಿಗೆ ನಾನು ಒಂದು ಕುಪ್ಪಸದ ಬಟ್ಟೆಯನ್ನೂ ಒಯ್ದಿಲ್ಲ ಎಂಬುದು ನಿಜ. ಅದಕ್ಕೆ ಜಿಪುಣತನ ಕಾರಣವಲ್ಲ, ನೆನಪೇ ಆಗುವುದಿಲ್ಲ. ಆದರೆ ಅತ್ತೆಯ ಮನೆಯಿಂದ ತುಪ್ಪ ತರುವುದು ಮಾತ್ರ ನೆನಪಾಗುತ್ತದೆ. ಇದು ಶೈಲಜಾಗೆ ಹದಿನೆಂಟು ವರ್ಷದ ಎರಡನೆಯ ನೋವು.

ಶನಿವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಎರಡು ಚೀಲ ಸಿದ್ಧವಾದವು. ಎರಡೂ ನಮ್ಮ ಮಿಲ್ಲಿನ ಚೀಲ, ಎರಡರ ಮೇಲೂ ಜೋಡಿ ನವಿಲಿನ ಗುರುತು. ನಮ್ಮೂರಲ್ಲಿ ಸೂಟ್‌ಕೇಸು ಮದುಮಗನಿಗೆ, ಉಳಿದವರೆಲ್ಲರಿಗೂ ಅಕ್ಕಿ ಚೀಲವೇ. ಒಂದು ಚೀಲದಲ್ಲಿ ಅತ್ತೆಯ ಎಮ್ಮೆಗೆ ತೌಡು, ಬೆಲ್ಲ, ಅಜವಾನ, ಶೇಂಗಾ ಹಿಂಡಿ. ಇನ್ನೊಂದರಲ್ಲಿ ನಮ್ಮ ಬುತ್ತಿ. ಎಳ್ಳು ಹಚ್ಚಿದ ಕಟಕ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ, ಕೆಂಪು ಖಾರ. ರೊಟ್ಟಿ ಮುರಿಯಬಾರದೆಂದು ಶೈಲಜಾ ಸುತ್ತಲೂ ಮಂಡಾಳು, ಅಂದರೆ ಮಂಡಕ್ಕಿ, ಸುರಿದು, ಮೇಲೆ ಕೆಳಗೆ ಮೂವರ ಸ್ವೆಟರು, ನನ್ನ ಮಂಕಿ ಕ್ಯಾಪು ತುರುಕಿದ್ದಳು. ನಾನು ದಬ್ಬಣ ತಗೊಂಡು ಎರಡರ ಬಾಯಿಯನ್ನೂ ಮಿಲ್ಲಿನ ಹೊಲಿಗೆ ಹಾಕಿ ಬಿಗಿದೆ.

"ಒಂದಕ್ಕ ಕೆಂಪು ಚಿಂದಿ ಕಟ್ರಿ, ಗುರ್ತು ಇರಲಿ" ಎಂದಳು ಶೈಲಜಾ.

"ಚಿಂದಿ? ನನಗ? ಶೈಲಾ, ಹೆತ್ತ ತಾಯಿಗೆ ತನ್ನ ಕೂಸಿನ ಗುರ್ತು ಹಿಡಿಯಾಕ ಚಿಂದಿ ಬೇಕೇನು?"

"ಜೋಡಿ ಕೂಸು ಇದ್ರ ಬೇಕಾಕ್ಕತಿ" ಎಂದು ಅವಳು ಒಳಗೆ ಹೋದಳು.

ಟಂಟಂ ಆಟೋ ಓಡಿಸುವ ಚಾಂದ್‌ಪಾಷಾ ಬಂದ. ದಿನಾ ದಢೇಸುಗೂರಿನ ಮೇಲೆ ಹಾದು ಹೋಗುವವನು, ನನ್ನ ಹಳೆಯ ದೋಸ್ತ. "ಯಾವ ಚೀಲ ಭಾಯ್?" ಎಂದ.

ಸುಮ್ಮನೆ ತೋರಿಸಬಹುದಿತ್ತು. ಆದರೆ ನೋಡಲು ಪಕ್ಕದ ಮನೆಯ ಸೂಗಪ್ಪ ನಿಂತಿದ್ದ, ಎದುರು ಮನೆಯ ರಹೀಮಾಬೀ ನಿಂತಿದ್ದರು. ಕಲಾವಿದನಿಗೆ ಪ್ರೇಕ್ಷಕರು ಸಿಕ್ಕರೆ ಬಿಡಲಾಗುತ್ತದೆಯೇ? ಕಣ್ಣು ಮುಚ್ಚಿದೆ. ಮೊದಲನೆಯ ಚೀಲಕ್ಕೆ ಕೈಯಿಟ್ಟೆ. ಒಳಗೆ ಗುಂಡಗೆ, ಚಪ್ಪಟೆಯಾಗಿ, ಗಟ್ಟಿಯಾಗಿ, ಒಂದರ ಮೇಲೊಂದು ಪೇರಿಸಿದಂತೆ ಏನೋ ಸಿಕ್ಕಿತು. "ರೊಟ್ಟಿ" ಎಂದೆ. ಎರಡನೆಯದಕ್ಕೆ ಕೈಯಿಟ್ಟೆ. ಎತ್ತ ಒತ್ತಿದರೂ ಮೆತ್ತಗೆ. "ತೌಡು. ಇದನ್ನ ಒಯ್ಯಿ."

"ಬಾಯಿ ಬಿಚ್ಚಿ ನೋಡೂಣೇನು ಭಾಯ್?"

"ಚಾಂದ್, ಜ್ವರ ನೋಡಾಕ ಡಾಕ್ಟರು ಹೊಟ್ಟಿ ಕೊಯ್ತಾನೇನು?"

ಚಾಂದ್‌ಪಾಷಾ ತಲೆಯಾಡಿಸಿ ಮೆತ್ತಗಿನ ಚೀಲ ಹೊತ್ತುಕೊಂಡು ಹೋದ. ಗಟ್ಟಿ ಚೀಲವನ್ನು ನಾನು ಬಸ್ಸಿನ ಡಿಕ್ಕಿಗೆ ಹಾಕಿಸಿದೆ.

ಬೆಳಗ್ಗೆ ಬಸ್ಸು ಇಳಿದಾಗ ಎಂಥ ಚಳಿ ಅಂತೀರಿ! ನಲವತ್ತೆರಡು ಡಿಗ್ರಿಯಲ್ಲಿ ಬೆಂದು ದೊಡ್ಡವರಾದ ದೇಹಗಳು ನಮ್ಮವು. ವಿಜಯಶ್ರೀಯ ಹಲ್ಲು ಕಟಕಟ ಬಡಿದುಕೊಳ್ಳುತ್ತಿದ್ದವು.

"ಸ್ವೆಟರ್ ತಗೀರಿ" ಎಂದಳು ಶೈಲಜಾ.

"ಹೊಲಿಗಿ ಬಿಚ್ಚಿದ್ರ ಮತ್ತ ಹೊಲಿಯಾಕ ದಬ್ಬಣ ಎಲ್ಲೈತಿ? ಒಂದು ಶಿಸ್ತು ಅಂತ ಇರಬೇಕು. ಗುಡ್ಡದ ತುದಿಗೆ ಹೋಗಿ ಬಿಚ್ಚೂದು."

"ಒಂದು ರೊಟ್ಟಿನಾರ?"

"ತುದಿಗೆ."

ಜೀಪು ಹಿಡಿದು ವನ್ಯಧಾಮದ ಗೇಟಿಗೆ ಬಂದಾಗ ಎಂಟೂ ಇಪ್ಪತ್ತು. ಎದುರಿಗೆ ಬೆಟ್ಟ. ಬೆಟ್ಟ ಎಂದರೆ ಬೆಟ್ಟ! ತಲೆ ಎತ್ತಿ ನೋಡಿದರೆ ಕುತ್ತಿಗೆ ನೋಯುತ್ತಿತ್ತು, ಆದರೂ ತುದಿ ಕಾಣಲಿಲ್ಲ, ಅರ್ಧದಲ್ಲೇ ಮೋಡ ನುಂಗಿತ್ತು. ಶೈಲಜಾ ನನ್ನ ತೋಳು ಹಿಡಿದುಕೊಂಡು ನಿಂತಳು. ಮಗಳ ಎದುರಿಗೆ ಅವಳು ಹಾಗೆ ತೋಳು ಹಿಡಿದದ್ದು ಅದೇ ಮೊದಲು. ನನ್ನ ಎದೆ ಎರಡು ಇಂಚು ಹಿಗ್ಗಿತು.

ಗೇಟಿನಲ್ಲಿ ಖಾಕಿ ತೊಟ್ಟ ಕಾವಲುಗಾರ ಒಬ್ಬೊಬ್ಬರ ಚೀಲವನ್ನೂ ತೆರೆಸಿ ನೋಡುತ್ತಿದ್ದ. ಎದೆಯ ಮೇಲಿನ ಪಟ್ಟಿಯಲ್ಲಿ ಬಸ್ಸಪ್ಪ ಎಂದಿತ್ತು. ನಮ್ಮ ಮಾತು ಕಿವಿಗೆ ಬಿದ್ದದ್ದೇ ಅವನ ಮುಖ ಅರಳಿತು.

"ಯಾವೂರ್ರಿ?"

"ಸಿಂಧನೂರ್ರಿ."

"ನಂದು ಮುದಗಲ್ರಿ! ನಮ್ಮ ಕಡೆ ಮಂದಿ ನೋಡಿ ಆರು ತಿಂಗಳಾತು. ಬರ್ರಿ, ಬರ್ರಿ."

ಕಾಡಿನ ಬಾಗಿಲಲ್ಲಿ ಊರ ಕಡೆಯವನು ಸಿಗುವುದೆಂದರೆ ನನ್ನ ನಸೀಬು ನೋಡಿ! ಚೀಲವನ್ನು ಅವನ ಮೇಜಿನ ಮೇಲೆ ಧಡ್ಡೆಂದು ಇಟ್ಟೆ. "ಬಿಚ್ಚಿ ನೋಡ್ರಿ ಬಸ್ಸಪ್ಪನೋರ. ನಿಮ್ಮ ಬಾಯಾಗ ನೀರು ಬರ್ತಾವ."

ಬಸ್ಸಪ್ಪ ಚಾಕುವಿನಿಂದ ಹೊಲಿಗೆ ಕೊಯ್ದ. ಭುಸ್ಸೆಂದು ಒಂದು ಹಳದಿ ಧೂಳು ಎದ್ದು ಅವನ ಮುಖಕ್ಕೆ, ಟೊಪ್ಪಿಗೆಗೆ, ರಿಜಿಸ್ಟರಿಗೆ ಕೂತಿತು. ಅವನು ಎರಡು ಸಲ ಸೀನಿದ. ಆಮೇಲೆ ಚೀಲದೊಳಗೆ ಕೈ ಹಾಕಿ ಗುಂಡಗಿನ, ಚಪ್ಪಟೆಯ, ಗಟ್ಟಿ ಬಿಲ್ಲೆಯೊಂದನ್ನು ಹೊರಗೆ ತೆಗೆದು ನನ್ನ ಮುಖದ ಎದುರು ಹಿಡಿದ.

"ಇದು ರೊಟ್ಟೇನ್ರಿ?"

ಅದು ಶೇಂಗಾ ಹಿಂಡಿ. ಗಾಣದಿಂದ ಬರುವಾಗ ಅದು ಥೇಟ್ ರೊಟ್ಟಿಯಷ್ಟೇ ಅಗಲ, ರೊಟ್ಟಿಯಷ್ಟೇ ಗುಂಡಗೆ ಇರುತ್ತದೆ ಎಂಬುದು ಇಪ್ಪತ್ತೆರಡು ವರ್ಷದ ನನ್ನ ಅನುಭವಿ ಕೈಗೆ ಆ ಕ್ಷಣಕ್ಕೆ ತಿಳಿಯಿತು.

ನಾನು ಶೈಲಜಾಳ ಕಡೆ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ತೋಳು ಹಿಡಿದಿದ್ದ ಕೈ ಮೆಲ್ಲಗೆ ಸಡಿಲವಾದದ್ದು ಮಾತ್ರ ಗೊತ್ತಾಯಿತು.

"ಚಿಂದಿ" ಎಂದಳು. ಅಷ್ಟೇ ಅಂದಳು.

ಬಸ್ಸಪ್ಪ ತೌಡನ್ನು ಮೂಸಿದ. "ಬೆಲ್ಲ. ಅಜವಾನ." ಅವನ ಮುಖದ ಊರಪ್ರೀತಿ ಒಂದೊಂದಾಗಿ ಇಳಿಯಿತು. ಹಿಂದೆ ಇದ್ದ ಫಲಕವನ್ನು ಬೆರಳಿನಿಂದ ತೋರಿಸಿದ. 'ವನ್ಯಪ್ರಾಣಿಗಳಿಗೆ ಆಹಾರ ನೀಡುವುದು ಶಿಕ್ಷಾರ್ಹ ಅಪರಾಧ.'

"ಹೋದ ತಿಂಗಳ ಇದೇ ಕಾಡಿನ್ಯಾಗ ಯಾರೋ ತೌಡಿಗೆ ಬೆಲ್ಲ ಕಲಿಸಿಟ್ಟು ಹಂದಿ ಹಿಡದಾರ. ಯಾರಂತ ಗೊತ್ತಾಗಿಲ್ಲ. ನೀವು ಎಷ್ಟು ಸಲ ಬಂದೀರಿ ಇಲ್ಲಿಗೆ?"

"ಅಯ್ಯೋ ಶಿವನ! ನಾನು ಬೇಟೆಗಾರ ಅಲ್ರೀ. ಮಿಲ್ ಮೇಸ್ತ್ರಿ."

"ನಾನೂ ಮುದಗಲ್ಲಿನಾಂವ್ರಿ. ನಮ್ಮ ಕಡೆ ಮಂದಿ ಗುಡ್ಡ ನೋಡಾಕ ಹೊಂಟ್ರ ರೊಟ್ಟಿ ತರ್ತಾರ. ಹಿಂಡಿ ಯಾರೂ ತರಂಗಿಲ್ಲ. ಹೊರಗಿನವ ಆಗಿದ್ರ ಏನೋ ತಿಳೀಲಾರದ ತಂದಾನ ಅಂತ ಬಿಡಬಹುದಿತ್ತು. ನೀವು ತಿಳಿದಾವ್ರು."

ಊರ ಕಡೆಯವನು ಸಿಕ್ಕ ನಸೀಬು ಅಂದೆನಲ್ಲ, ಅದು ಇದು. ನಾನು ಎಲ್ಲ ಕಥೆ ಹೇಳಿದೆ. ಎಮ್ಮೆ ಈದದ್ದು, ಎರಡು ಚೀಲ, ಎರಡು ನವಿಲು, ಬುತ್ತಿ ಅತ್ತೆಯ ಮನೆಗೆ ಹೋದದ್ದು, ಎಮ್ಮೆಯ ತೌಡು ಇಲ್ಲಿಗೆ ಬಂದದ್ದು. ಸಾಲಿನಲ್ಲಿ ನಿಂತಿದ್ದ ಯಾರೋ ಕಾಲೇಜು ಹುಡುಗರು ಮೊಬೈಲು ತೆಗೆದು ನನ್ನನ್ನು ಶೂಟ್ ಮಾಡತೊಡಗಿದರು. ಗೋಡೆಯ ಗಡಿಯಾರದಲ್ಲಿ ಎಂಟೂ ನಲವತ್ತು.

"ಸರಿ. ನಿಮ್ಮ ಅತ್ತಿ ನಂಬರ್ ಕೊಡ್ರಿ, ಫೋನ್ ಹಚ್ತೀನಿ" ಎಂದ ಬಸ್ಸಪ್ಪ. "ಚೀಲ ಅದಲು ಬದಲು ಆಗೇತಿ ಅಂತ ಅವ್ರು ಅಂದ್ರ ಮೂರೂ ಮಂದಿ ಹೋಗ್ರಿ. ಆದ್ರ ನೀವ್ಯಾರೂ ತುಟಿ ಪಿಟಕ್ ಅನ್ನಬಾರದು. ಸಾಕ್ಷಿಗೆ ಹೇಳಿಕೊಟ್ಟಂಗ ಆಕ್ಕತಿ."

ಸ್ಪೀಕರು ಹಾಕಿದ. ಫೋನು ರಿಂಗಾಯಿತು. ನನ್ನ ಹದಿನೆಂಟು ವರ್ಷದ ಅಳಿಯತನ ಎದುರಿಗೆ ಬಂದು ನಿಂತಂತಾಯಿತು.

"ಯಾರ್ರೀ?" ಅತ್ತೆಯ ದನಿ.

"ಅವ್ವಾ, ನಾನು ಅರಣ್ಯ ಇಲಾಖೆಯಿಂದ ಮಾತಾಡಾಕತ್ತೀನಿ. ನಿಮ್ಮ ಮನ್ಯಾಗ ಈದ ಎಮ್ಮಿ ಐತೇನ್ರಿ?"

ಅಲ್ಲಿಗೆ ಕೆಟ್ಟಿತು. ನಮ್ಮ ಕಡೆಯ ಹಳ್ಳಿಗಳಲ್ಲಿ ಒಂದು ಪದ್ಧತಿ ಇದೆ. ಇಲಾಖೆ ಎಂಬ ಶಬ್ದ ಕಿವಿಗೆ ಬಿದ್ದು, ಅದರ ಹಿಂದೆಯೇ 'ನಿಮ್ಮ ಮನೆಯಲ್ಲಿ ಇಂಥದ್ದು ಇದೆಯೇ' ಎಂಬ ಪ್ರಶ್ನೆ ಬಂದರೆ, ಉತ್ತರ ಒಂದೇ.

"ಎಮ್ಮಿ? ಯಾವ ಎಮ್ಮಿ? ನಮ್ಮ ಮನ್ಯಾಗ ಎಮ್ಮಿನೂ ಇಲ್ಲ, ಆಕಳೂ ಇಲ್ಲ."

ಬಸ್ಸಪ್ಪ ನನ್ನ ಮುಖ ನೋಡಿದ. ಅಷ್ಟರಲ್ಲಿ ಫೋನಿನೊಳಗಿಂದ, ಅತ್ತೆಯ ಬೆನ್ನ ಹಿಂದೆಯೇ ಇರಬೇಕು, ಎಮ್ಮೆ ದೀರ್ಘವಾಗಿ ಒದರಿತು. ಗೇಟಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು.

"ಅದೇನ್ರಿ ಅವ್ವಾ ದನಿ?"

"ಬಾಜೂ ಮನೀದು" ಎಂದರು ಅತ್ತೆ, ಒಂದು ಚೂರೂ ತಡವರಿಸದೆ.

ನಾನು ತಡೆಯಲಾರದೆ ಕೆಮ್ಮಿದೆ. ಕೆಮ್ಮು ಬಂದಿತ್ತೆಂದಲ್ಲ, ಅತ್ತೆಗೆ ನನ್ನ ಇರುವು ತಿಳಿಯಲಿ ಎಂದು. ಬಸ್ಸಪ್ಪ ಕಣ್ಣು ಕೆಂಪಗೆ ಮಾಡಿದ.

"ಇರಲಿ ಬಿಡ್ರಿ ಅವ್ವಾ. ನಿನ್ನಿ ನಿಮ್ಮ ಅಳಿಯ ನಿಮಗ ಒಂದು ಚೀಲ ಕಳಿಸ್ಯಾರೇನು? ಅದರಾಗ ಏನಿತ್ತು?"

"ಕಳಿಸ್ಯಾನ್ರಿ ಯಪ್ಪಾ" ಎಂದರು ಅತ್ತೆ, ದನಿಯೇ ಬೇರೆಯಾಗಿತ್ತು. "ಕಟಕ ರೊಟ್ಟಿ ಕಳಿಸ್ಯಾನ. ಶೇಂಗಾದ ಹೋಳಿಗಿ ಕಳಿಸ್ಯಾನ. ಚಳಿಗೆ ಇರಲಿ ಅಂತ ಸ್ವೆಟರ್ ಕಳಿಸ್ಯಾನ. ಹದಿನೆಂಟು ವರ್ಷಕ್ಕ ಅಳಿಯನ ಕೈಯಿಂದ ಒಂದು ಉಡುಗೊರಿ ಬಂತು. ಓಣಿ ತುಂಬ ಹೋಳಿಗಿ ಹಂಚೀನಿ. ನನ್ನ ಅಳಿಯ ಬಂಗಾರದಂಥಾಂವ ಅಂತ ಎಲ್ಲಾರಿಗೂ ಹೇಳೀನಿ."

ಶೈಲಜಾಳ ಕಣ್ಣಲ್ಲಿ ನೀರು ಬಂತು. ಅವಳ ತಾಯಿಯ ಬಾಯಿಂದ ಗಂಡನ ಬಗ್ಗೆ ಒಂದು ಒಳ್ಳೆಯ ಮಾತು ಕೇಳಲು ಅವಳು ಮೋಡಕ್ಕಿಂತ ಹೆಚ್ಚು ಕಾದಿದ್ದಳು ಎಂದು ನನಗೆ ಆಗ ಗೊತ್ತಾಯಿತು. ಗೊತ್ತಾಗಿ ನಾಚಿಕೆಯೂ ಆಯಿತು.

"ಅವ್ವಾ, ಅದು ತಪ್ಪಿ ಬಂದದ್ದಲ್ಲೇನು? ನಿಮಗ ತೌಡು ಬರಬೇಕಿತ್ತಂತಲ್ಲ?"

"ತಪ್ಪಿ ಯಾಕ ಬರ್ತೈತ್ರಿ? ಚೀಲ ಮುಟ್ಟಿ ಒಳಗಿಂದು ಹೇಳೂ ಮನಶ್ಯಾ ಅವ. ಅವನ ಕೈಯಾಗ ಚೀಲ ತಪ್ಪತೈತೇನು?"

ನನ್ನ ಬಡಾಯಿ ಹದಿನೆಂಟು ವರ್ಷ ಊರೆಲ್ಲ ಸುತ್ತಿ ತಿರುಗಿ ನನ್ನ ಕುತ್ತಿಗೆಗೇ ಬಂದು ಬಿದ್ದಿತು.

ಬಸ್ಸಪ್ಪ ಫೋನು ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದ. "ಅಂದ್ರ ಅವ್ರಿಗೆ ಉಡುಗೊರಿ ಬೇಕಂತನ ಕಳಿಸೀರಿ. ಹಂಗಾರ ಈ ತೌಡೂ ಬೇಕಂತನ ತಂದೀರಿ. ಎರಡರಾಗ ಒಂದು ಹೇಳ್ರಿ. ಈಗ ಫೋನಿನಾಗನ ಹೇಳ್ರಿ. ಉಡುಗೊರಿ ಸುಳ್ಳೋ, ತೌಡು ಸುಳ್ಳೋ?"

ಎಂಟೂ ಐವತ್ತು. ಒಂದೇ ಮಾತು ಸಾಕಿತ್ತು. 'ಅತ್ತಿ, ಅದು ತಪ್ಪಿ ಬಂದೈತಿ' ಅಂದಿದ್ದರೆ ಮೂವರೂ ಗೇಟು ದಾಟುತ್ತಿದ್ದೆವು. ಬಾಯಿ ತೆರೆದೆ. ಶೈಲಜಾ ತಲೆಯನ್ನು ಅಡ್ಡಡ್ಡ ಆಡಿಸಿದಳು. ಬೇಡ ಎನ್ನುತ್ತಿದ್ದಳು. ಹದಿನೆಂಟು ವರ್ಷದ ಮೋಡವನ್ನು ಬಿಟ್ಟುಕೊಡುತ್ತೇನೆ, ಅವ್ವನ ಖುಷಿ ಮುರಿಯಬೇಡಿ ಎನ್ನುತ್ತಿದ್ದಳು.

ತೆರೆದ ಬಾಯಿ ಮುಚ್ಚಿದೆ. ಫೋನು ತಾನಾಗಿ ಕಟ್ಟಾಯಿತು.

"ಉಡುಗೊರಿ ಖರೆ" ಎಂದೆ. "ತೌಡು ನಂದು. ಚೀಲ ಹೊಲಿದದ್ದು ನಾನು, ಹೊತ್ತು ತಂದದ್ದು ನಾನು. ಇವರಿಬ್ಬರದು ಏನೂ ಇಲ್ರಿ. ಅವರ್ನ ಬಿಡ್ರಿ, ನಾ ಇಲ್ಲೇ ಕುಂದರ್ತೀನಿ."

ಬಸ್ಸಪ್ಪ ರಿಜಿಸ್ಟರಿಗೆ ಮೆತ್ತಿದ ತೌಡು ಒರೆಸಿದ. ಆಮೇಲೆ ಎರಡು ಪಾಸಿಗೆ ಮುದ್ರೆ ಒತ್ತಿದ. ಶೈಲಜಾ ಅಲ್ಲಾಡಲಿಲ್ಲ. "ನೀವಿಲ್ದ ನಾ ಹೋಗಂಗಿಲ್ಲ" ಎಂದಳು.

"ಹೋಗು. ನೀ ಹೋಗಲಿಲ್ಲಂದ್ರ ನನ್ನ ಮೀಸಿ ಮಣ್ಣಾಕ್ಕತಿ. ಹಮಾಲರ ಮುಂದ ಹೇಳಿ ಬಂದೀನಿ."

ವಿಜಯಶ್ರೀ ತಾಯಿಯ ಕೈ ಹಿಡಿದು ಎಳೆದಳು. ಒಂಬತ್ತಕ್ಕೆ ಎರಡು ನಿಮಿಷ ಇರುವಾಗ ಇಬ್ಬರೂ ಗೇಟು ದಾಟಿದರು. ಬುತ್ತಿಯಿಲ್ಲ, ಸ್ವೆಟರಿಲ್ಲ. ಸಾಲಿನಲ್ಲಿದ್ದ ಒಂದು ಕುಟುಂಬ ಅವರಿಬ್ಬರನ್ನೂ ತಮ್ಮ ಜೊತೆ ಸೇರಿಸಿಕೊಂಡಿತು. ಶೈಲಜಾ ತಿರುವಿನ ತನಕ ಹಿಂದೆ ನೋಡುತ್ತಲೇ ಹೋದಳು.

ಇನ್ನು ನನ್ನ ವನವಿಹಾರ ಕೇಳಿ. ಒಂದು ತಗಡಿನ ಶೆಡ್ಡು, ಒಂದು ಬೆಂಚು, ಬೆಂಚಿನ ಮೇಲೆ ನಾನು, ಪಕ್ಕದಲ್ಲಿ ಆರೋಪಿ ನಂಬರ್ ಎರಡು, ಅಂದರೆ ಚೀಲ. ಅರಣ್ಯ ಇಲಾಖೆಯ ಸಾಹೇಬರು ಸಂಜೆ ಬರುತ್ತಾರಂತೆ, ತೀರ್ಮಾನ ಅವರದ್ದು. ನಾನು ಕಂಡ ನಿಸರ್ಗಸೌಂದರ್ಯ ಎಂದರೆ ಆ ಫಲಕದ ಹಿಂಭಾಗ. ಕಂಡ ವನ್ಯಪ್ರಾಣಿ ಎಂದರೆ ಒಂದು ಜಿಗಣೆ. ಅದು ಬೂಟಿನೊಳಗೆ ಹೊಕ್ಕು ನನ್ನ ರಕ್ತ ಕುಡಿದು ಚಳ್ಳೆಹಣ್ಣಿನಷ್ಟು ಊದಿಕೊಂಡು ಬಿದ್ದದ್ದನ್ನು ನೋಡಿ ನಾನು ಬೆಂಚಿನ ಮೇಲೆ ಹತ್ತಿ ನಿಂತೆ. "ಪ್ರಾಣಿಗೆ ಆಹಾರ ಕೊಡಬಾರದು ಅಂತ ಬೋರ್ಡ್ ಐತ್ರಿ" ಎಂದ ಬಸ್ಸಪ್ಪ, ನಗದೆ.

ಹನ್ನೆರಡು ಹೊಡೆಯಿತು. ಒಂದು ಹೊಡೆಯಿತು. ಹಿಂದಿನ ಸಂಜೆ ಐದಕ್ಕೆ ತಿಂದ ಎರಡು ಮಿರ್ಚಿಯ ಮೇಲೆ ಹೊಟ್ಟೆ ನಡೆದಿತ್ತು. ಹೋಟೆಲು ಎಂದರೆ ಹದಿನಾಲ್ಕು ಕಿಲೋಮೀಟರು. ಬಸ್ಸಪ್ಪ ಸುತ್ತು ಹಾಕಲು ಕಾಡಿಗೆ ಹೋದ. ಹೊಟ್ಟೆ ತಾಳ ಹಾಕುತ್ತಿತ್ತು. ಪಕ್ಕದಲ್ಲಿ ಚೀಲ ಬಾಯಿ ತೆರೆದುಕೊಂಡು ಕೂತಿತ್ತು. ಬೆಲ್ಲದ ವಾಸನೆ ಬರುತ್ತಿತ್ತು.

ಬೆಲ್ಲದ ಹೆಂಟೆ ಮಾತ್ರ ಆರಿಸಿಕೊಳ್ಳೋಣ ಎಂದು ಕೈ ಹಾಕಿದೆ. ಬೆಲ್ಲಕ್ಕೆ ತೌಡು ಹತ್ತಿತ್ತು. ಅದನ್ನು ಊದುತ್ತ ಕೂತರೆ ಸಂಜೆಯಾಗುತ್ತದೆ ಎಂದು ತೌಡಿನ ಸಮೇತ ಬಾಯಿಗೆ ಹಾಕಿಕೊಂಡೆ. ಸುಳ್ಳು ಯಾಕೆ ಹೇಳಲಿ, ರುಚಿಯಿತ್ತು. ಹಿಂಡಿಯ ಒಂದು ಚೂರು ಮುರಿದೆ. ಅದೂ ಶೇಂಗಾವೇ ಅಲ್ಲವೇ? ಎಣ್ಣೆ ಹೋಗಿರಬಹುದು, ಮಾನ ಉಳಿದಿರುತ್ತದೆ. ಎರಡು ಹಿಡಿ ನಾಲ್ಕಾಯಿತು. ಬಾಣಂತಿ ಎಮ್ಮೆಯ ಪಾಲನ್ನು ನಾನು ಕಣ್ಣು ಮುಚ್ಚಿ ಮುಕ್ಕುತ್ತಿದ್ದಾಗ ಎದುರಿಗೆ ನೆರಳು ಬಿತ್ತು. ಬಸ್ಸಪ್ಪ ನಿಂತಿದ್ದ. ಅವನ ಪಕ್ಕದಲ್ಲಿ ಸಾಹೇಬರು. ಸಂಜೆ ಬರಬೇಕಾದವರು ಮೂರಕ್ಕೇ ಬಂದಿದ್ದರು!

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ನನ್ನದೂ ಮಣ್ಣಾಗಿರಲಿಲ್ಲ. ತುಂಬ ತೌಡಾಗಿತ್ತು.

ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಸ್ಸಪ್ಪ, ಇವರು ಪ್ರಾಣಿಗಳಿಗೆ ಅಂತ ತಂದಿಲ್ಲ ಬಿಡಿ. ತಮಗೇ ತಂದಿದ್ದಾರೆ" ಎಂದರು. ಹೀಗೆ ನನ್ನ ಮೇಲಿನ ಕೇಸು ಬಿದ್ದುಹೋಯಿತು. ಆದರೆ ಕಾಗದ ಇಲ್ಲದೆ ಸರ್ಕಾರ ಏನನ್ನೂ ಬಿಡುವುದಿಲ್ಲ. ಬಸ್ಸಪ್ಪ ಬರೆದ, ನಾನು ರುಜು ಹಾಕಿದೆ: 'ಸಿಂಧನೂರಿನ ನಿವಾಸಿ ಪಂಪಾಪತಿ ಆದ ನಾನು ಈ ತೌಡು ಮತ್ತು ಹಿಂಡಿಯನ್ನು ನನ್ನ ಸ್ವಂತ ಆಹಾರಕ್ಕಾಗಿ ತಂದಿರುತ್ತೇನೆ.' ವನ್ಯಧಾಮದ ಹೆಸರು ಯಾಕೆ ಹೇಳಲಿಲ್ಲ ಎಂದು ಈಗ ತಿಳಿಯಿತಲ್ಲ.

ನಾಲ್ಕೂವರೆಗೆ ತಾಯಿ ಮಗಳು ಇಳಿದು ಬಂದರು. ಸೀರೆಯ ಅಂಚೆಲ್ಲ ಕೆಸರು, ಮುಖದಲ್ಲಿ ಮಾತ್ರ ಹದಿನೆಂಟು ವರ್ಷ ಕಡಿಮೆಯಾಗಿತ್ತು.

"ಕೆಳಗ ಇತ್ರೀ" ಎಂದಳು ಶೈಲಜಾ. "ಮೋಡ ನಮ್ಮ ಕಾಲ ಕೆಳಗ ಇತ್ತು. ಕಾಲುವಿಗೆ ನೀರು ಬಿಟ್ಟಂಗ ಹರಕೋತ ಬಂತು. ನಾ ಅತ್ತಬಿಟ್ಟೆ." ಆಮೇಲೆ ನನ್ನ ಮುಖವನ್ನು ಹತ್ತಿರದಿಂದ ನೋಡಿದಳು. "ಮೀಸಿಗೆ ಏನ್ರಿ ಅದು?"

ಬಸ್ಸಪ್ಪ ಹೇಳಿದ. ಒಂದಕ್ಷರವನ್ನೂ ಬಿಡದೆ ಹೇಳಿದ. ಶೈಲಜಾ ಬೆಂಚಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು, ಹೀಗಾಗಿ ನನಗೆ ಸಿಟ್ಟು ಬರಲಿಲ್ಲ.

ಮರುದಿನ ಊರಿಗೆ ಬಂದವರು ನೇರವಾಗಿ ದಢೇಸುಗೂರಿಗೇ ಹೋದೆವು. ಉಳಿದ ತೌಡಿನ ಚೀಲವನ್ನು ನಾನೇ ಹೊತ್ತಿದ್ದೆ. ಅಂಗಳದಲ್ಲಿ ಅತ್ತೆ ಎಮ್ಮೆಯ ಮೈ ತಿಕ್ಕುತ್ತಿದ್ದರು. ಮೈಮೇಲೆ ಶೈಲಜಾಳ ಸ್ವೆಟರು. ತಲೆಯ ಮೇಲೆ ನನ್ನ ಮಂಕಿ ಕ್ಯಾಪು.

"ಅತ್ತಿ, ಉಡುಗೊರಿ ಮುಟ್ಟಿತಲ್ಲ?" ಎಂದೆ, ದನಿಯಲ್ಲಿ ಸ್ವಲ್ಪ ಗತ್ತು ಇಟ್ಟುಕೊಂಡು.

ಅತ್ತೆ ಮಂಕಿ ಕ್ಯಾಪು ತೆಗೆದು ನನ್ನ ಕೈಗೆ ಕೊಟ್ಟರು. "ಉಡುಗೊರಿ ಕೊಡೋರು ಯಾರಾರ ಎಣ್ಣಿ ಹಿಡದ ಹಳೇ ಟೊಪ್ಪಿಗಿ ಕೊಡ್ತಾರೇನಪ್ಪ ಪಂಪಾಪತಿ? ಚೀಲ ಬಿಚ್ಚಿದ ಕೂಡಲೇ ಗೊತ್ತಾತು, ತಪ್ಪಿ ಬಂದೈತಿ ಅಂತ."

ನಾನು ಚೀಲ ಹೊತ್ತವನು ಹಾಗೇ ಕಲ್ಲಾಗಿ ನಿಂತೆ. "ಮತ್ತ ಫೋನಿನಾಗ..."

"ನೀ ಕೆಮ್ಮಿದ್ದು ಕೇಳಿಸ್ತು. ಬಾಜೂ ನಿಂತಾನ ಅಂತ ತಿಳೀತು. ಉಡುಗೊರಿ ಅಲ್ಲ, ತಪ್ಪಿ ಹೋಗೇತಿ, ವಾಪಸ್ ಕೊಡು ಅಂತ ಬಾಯಿ ಬಿಡತಾನೋ ಇಲ್ಲೋ, ನೋಡೂಣು ಅಂದ್ನಿ." ಅತ್ತೆ ಎಮ್ಮೆಯ ಬೆನ್ನು ತಟ್ಟಿದರು. "ಬಿಡಲಿಲ್ಲ. ಅಷ್ಟು ಸಾಕು ನನಗ. ಹದಿನೆಂಟು ವರ್ಷಕ್ಕ ಅದ ನಿನ್ನ ಉಡುಗೊರಿ."

ತೌಡಿನ ಚೀಲ ಇಳಿಸಿ ಅವರ ಕಾಲು ಮುಟ್ಟಿದೆ. ಅತ್ತೆ ತಲೆಯ ಮೇಲೆ ಕೈಯಿಟ್ಟು ಮಗಳ ಕಡೆ ತಿರುಗಿದರು.

"ಶೈಲೂ, ಒಳಗ ಬಿಸಿ ರೊಟ್ಟಿ ಅದಾವ, ಹೆರೆದ ತುಪ್ಪ ಐತಿ. ನೀನೂ ಕೂಸೂ ಉಣ್ಣಾಕ ಕುಂದರ್ರಿ."

"ನನಗ, ಅತ್ತಿ?" ಎಂದೆ.

ಅತ್ತೆ ನಾನು ತಂದ ಚೀಲದ ಬಾಯಿ ಅಗಲ ಮಾಡಿ, ಎಮ್ಮೆಯ ಗೋದಲಿಯ ಪಕ್ಕದಲ್ಲಿ ಇಟ್ಟರು.

"ಬಸ್ಸಪ್ಪ ನಿನ್ನಿ ಸಂಜಿಮುಂದ ಫೋನ್ ಮಾಡಿದ್ದ. ನಿನಗೇನು ಸೇರತೈತಿ ಅಂತ ಸರ್ಕಾರಕ್ಕ ಬರೆದು ಕೊಟ್ಟು ಬಂದೀ ಅಂತಲ್ಲ. ಎಮ್ಮಿಗೆ ಅರ್ಧ ಬಿಡು, ಬಾಣಂತಿ ಐತಿ."